ವಾರಕ್ಕೆರಡು ತಾಸು ಸಮಾಜಸೇವೆಗೆ: ಮೂರು ಸಲ ಆರಂಭಿಸಿದರೂ ನಿಂತುಹೋಯಿತು, ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ವಿಜಯಪುರದ ಬ್ಯಾಂಕ್ ನೌಕರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಒಂದು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ವಯಸ್ಸು 42. ಮನೆಯಲ್ಲಿ ಹೊಲಿಗೆ ಕೆಲಸ ಮಾಡುವ ಪತ್ನಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆಯ ಜೊತೆಗೆ ಮೊಣಕಾಲು ನೋವೂ ಇರುವ ನನ್ನ ತಾಯಿ ಇದ್ದಾರೆ. ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಟ್ಟರೆ ಮರಳುವುದು ರಾತ್ರಿ ಎಂಟಕ್ಕೆ. ಬೆಳೆಸಾಲ ನವೀಕರಣದ ದಿನಗಳಲ್ಲಿ ಮತ್ತು ಮಾರ್ಚ್ ತಿಂಗಳಿನಲ್ಲಿ ಆ ಎಂಟು ಗಂಟೆಯ ಭರವಸೆಯೂ ಇರುವುದಿಲ್ಲ.

ನಮ್ಮ ಓಣಿಯ ಹತ್ತಿರ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಿದೆ. ಅಲ್ಲಿನ ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕೆಂಬ ಆಸೆಯಿಂದ ಮೂರು ವರ್ಷಗಳಲ್ಲಿ ಮೂರು ಸಲ ಆರಂಭಿಸಿದೆ, ಮೂರು ಸಲವೂ ನಿಂತುಹೋಯಿತು. ಮೊದಲನೆಯ ಸಲ ವಾರಕ್ಕೆ ಎರಡು ಸಂಜೆ ಎಂದು ಒಪ್ಪಿಕೊಂಡಿದ್ದೆ. ಮಾರ್ಚ್ ಬಂದಿತು, ಬಿಟ್ಟೆ. ಎರಡನೆಯ ಸಲ ಪ್ರತಿ ಶನಿವಾರ ಕೆಲಸಕ್ಕೆ ಹೋಗುವ ಮುನ್ನ ಒಂದು ತಾಸು ಎಂದುಕೊಂಡೆ. ತಾಯಿಯವರ ಆಸ್ಪತ್ರೆ ಓಡಾಟದಲ್ಲಿ ಅದೂ ತಪ್ಪಿತು. ಮೂರನೆಯ ಸಲ ರವಿವಾರವನ್ನು ಆರಿಸಿಕೊಂಡೆ. ಮದುವೆ, ಸೀಮಂತ, ಗೃಹಪ್ರವೇಶಗಳ ನಡುವೆ ಎರಡು ತಿಂಗಳಲ್ಲಿ ಮೂರೇ ತರಗತಿಗಳು ನಡೆದವು.

ನನ್ನನ್ನು ಇಂದಿಗೂ ಕಾಡುವ ಒಂದು ಸಂಗತಿಯನ್ನು ಹೇಳಬೇಕು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ 52ರಲ್ಲಿ 27 ಕಳೆದರೆ 35 ಎಂದು ಬರೆಯುತ್ತಿದ್ದಳು. ಎರಡರಲ್ಲಿ ಏಳು ಹೋಗುವುದಿಲ್ಲವಾದ್ದರಿಂದ ಅವಳು ಏಳರಲ್ಲಿ ಎರಡನ್ನು ಕಳೆದು ಐದು ಎಂದು ಬರೆದುಬಿಡುತ್ತಿದ್ದಳು. ಜೋಳದ ದಂಟಿನ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಹಾಕಿ ಕಟ್ಟಿಕೊಟ್ಟು, ಒಂದು ಕಟ್ಟನ್ನು ಬಿಚ್ಚಿ ಬಿಡಿ ಕಡ್ಡಿಗಳ ಜೊತೆ ಸೇರಿಸಲು ಹೇಳಿದೆ. ಅವಳು ಹನ್ನೆರಡು ಕಡ್ಡಿಗಳನ್ನು ಎಣಿಸಿ, ಏಳನ್ನು ಬದಿಗಿಟ್ಟು, ಉಳಿದ ಐದನ್ನು ನೋಡಿ, ನಾಲ್ಕೇ ಉಳಿದಿದ್ದ ಕಟ್ಟುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿ, ತಾನೇ 25 ಎಂದು ಬರೆದಳು. ಮುಂದಿನ ವಾರ ಮೂರಂಕಿಯ ಲೆಕ್ಕ ಮಾಡೋಣ ಎಂದು ಹೇಳಿ ಬಂದವನು ಮತ್ತೆ ಹೋಗಲಿಲ್ಲ. ನಾಲ್ಕು ತಿಂಗಳ ನಂತರ ಸಂತೆಯಲ್ಲಿ ತಾಯಿಯ ಜೊತೆ ಸಿಕ್ಕವಳು "ಸರ್, ಆ ಕಡ್ಡಿ ಇನ್ನೂ ನಿಮ್ಮ ಕಡೆ ಅದಾವೇನ್ರಿ?" ಎಂದು ಕೇಳಿದಳು. ಕಡ್ಡಿಗಳು ನನ್ನ ಚೀಲದಲ್ಲೇ ಇದ್ದವು.

ದುಡ್ಡು ಕೊಟ್ಟು ಕೈತೊಳೆದುಕೊಳ್ಳುವುದು ನನಗೆ ಬೇಡ. ಕೆಲಸ, ಮನೆ ಎರಡನ್ನೂ ನಿಭಾಯಿಸುತ್ತಲೇ ವರ್ಷಗಟ್ಟಲೆ ಇಂಥ ಸೇವೆಯನ್ನು ನಡೆಸಿಕೊಂಡು ಬಂದವರು ಇಲ್ಲಿ ಇದ್ದರೆ, ಸಮಯವನ್ನು ಹೇಗೆ ಹೊಂದಿಸಿಕೊಂಡಿರಿ ಎಂದು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಮುಖ್ಯಶಿಕ್ಷಕ, ನವನಗರ, ಬಾಗಲಕೋಟೆ

ಸರ್, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಶಾಲೆಯ ಕಡೆಯಿಂದ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ಹೇಳುವುದು ನನ್ನ ಕರ್ತವ್ಯವೆನಿಸಿತು.

ಮೂವತ್ತು ವರ್ಷಗಳ ನೌಕರಿಯಲ್ಲಿ, ಪಾಠ ಹೇಳುತ್ತೇವೆ ಎಂದು ಉತ್ಸಾಹದಿಂದ ಬಂದ ಅನೇಕರನ್ನು ನೋಡಿದ್ದೇನೆ. ಜೂನ್, ಜುಲೈನಲ್ಲಿ ಬರುತ್ತಾರೆ, ದಸರಾ ರಜೆಯ ನಂತರ ಕಾಣುವುದಿಲ್ಲ. ಅವರ ಮನಸ್ಸು ಒಳ್ಳೆಯದೇ. ಆದರೆ ಬರುತ್ತೇನೆಂದವರು ಬಾರದೆ ಹೋದ ದಿನ ಮಕ್ಕಳು ಎರಡೆರಡು ಸಲ ಗೇಟಿನವರೆಗೆ ಹೋಗಿ ನೋಡಿ ಬರುವುದನ್ನು ಕಂಡವನು ನಾನು. ಮೂರನೆಯ ಸಲ ಯಾರೂ ಗೇಟಿಗೆ ಹೋಗುವುದಿಲ್ಲ. ಆದ್ದರಿಂದ ನನ್ನ ಶಾಲೆಗೆ ಬರುವವರಿಗೆ ನಾನು ಒಂದೇ ಮಾತು ಹೇಳುತ್ತಿದ್ದೆ: ತಿಂಗಳಿಗೆ ಒಂದೇ ದಿನ ಬನ್ನಿರಿ, ಆದರೆ ಆ ದಿನ ಯಾವುದೆಂದು ಮಕ್ಕಳಿಗೆ ಗೊತ್ತಿರಲಿ.

ನಿಮ್ಮ ವೇಳಾಪಟ್ಟಿಯಲ್ಲಿ ಒಂದು ಅನುಕೂಲ ಕಣ್ಣಮುಂದೆಯೇ ಇದೆ. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಿದೆ. ನಮ್ಮ ಪ್ರಾಥಮಿಕ ಶಾಲೆಗಳು ಶನಿವಾರ ಬೆಳಗಿನ ಹೊತ್ತು ನಡೆಯುತ್ತವೆ. ನಿಮಗೆ ಬಿಡುವಿದ್ದು ಮಕ್ಕಳು ಶಾಲೆಯಲ್ಲೇ ಇರುವ ದಿನಗಳು ತಿಂಗಳಿಗೆ ಎರಡು ಸಿಗುತ್ತವೆ. ನೀವು ಪ್ರತಿ ವಾರ ಎಂದು ಹೊರಟದ್ದೇ ಮೂರು ಸಲವೂ ಎಡವಲು ಕಾರಣವಾಯಿತೆಂದು ನನಗನಿಸುತ್ತದೆ. ಆ ಎರಡು ಶನಿವಾರಗಳನ್ನು ಮಾತ್ರ ಒಪ್ಪಿಕೊಳ್ಳಿರಿ. ಮಾರ್ಚ್ ತಿಂಗಳನ್ನು ಮೊದಲೇ ಬಿಟ್ಟುಬಿಡಿ, ಬರುವುದಿಲ್ಲವೆಂದು ಫೆಬ್ರುವರಿಯಲ್ಲೇ ಮಕ್ಕಳಿಗೆ ಹೇಳಿರಿ. ಹೇಳಿ ಬಾರದಿರುವುದನ್ನು ಮಕ್ಕಳು ಸಹಿಸುತ್ತಾರೆ.

ನಮ್ಮ ಮನೆಯ ಒಂದು ರೂಢಿ ನೆನಪಾಗುತ್ತದೆ. ಅವ್ವ ಪ್ರತಿದಿನ ಬೀಸುವ ಜೋಳವನ್ನು ಮೊರದಲ್ಲಿ ಹಸನು ಮಾಡಿದ ಕೂಡಲೇ ಒಂದು ಹಿಡಿ ತೆಗೆದು ಮೂಲೆಯ ಗಡಿಗೆಗೆ ಹಾಕುತ್ತಿದ್ದಳು. ಅದು ಮಠದ ಪ್ರಸಾದ ನಿಲಯದ ಹುಡುಗರಿಗಾಗಿ ತೆಗೆದಿಡುವ ಮುಷ್ಟಿ ಧಾನ್ಯ. ಬರಗಾಲದ ವರ್ಷವೂ ಅದು ನಿಲ್ಲಲಿಲ್ಲ. ಹಿಡಿ ಸಣ್ಣದಾಯಿತು, ಅಷ್ಟೆ. ಊಟವಾದ ಮೇಲೆ ಮಿಕ್ಕ ರೊಟ್ಟಿಯನ್ನು ಕೊಡುವ ಪದ್ಧತಿಯಾಗಿದ್ದರೆ ನಮ್ಮಂಥ ಏಳು ಮಕ್ಕಳ ಮನೆಯಲ್ಲಿ ಮಠಕ್ಕೆ ಒಂದು ದಿನವೂ ಏನೂ ಉಳಿಯುತ್ತಿರಲಿಲ್ಲ. ನೀವು ತಿಂಗಳ ಕ್ಯಾಲೆಂಡರನ್ನು ಗೋಡೆಗೆ ಹಾಕುವ ದಿನವೇ ಆ ಎರಡು ಶನಿವಾರಗಳಿಗೆ ಗುರುತು ಹಾಕಿಬಿಡಿ. ಮದುವೆಯ ಆಮಂತ್ರಣಗಳು ಅದರ ನಂತರ ಬರಲಿ.

ನಿಮ್ಮದೇ ಊರಿನಲ್ಲಿ ವಕೀಲಿ ನಡೆಸಿಕೊಂಡಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಸಂಗ್ರಹಿಸಿದ ಕಥೆ ನಿಮಗೆ ತಿಳಿದಿರುತ್ತದೆ. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದ ಅವರ ತ್ಯಾಗವನ್ನು ಸಂಸಾರವಂದಿಗರಾದ ನಮ್ಮಿಂದ ಅನುಸರಿಸಲಾಗದು, ಅನುಸರಿಸಬೇಕೆಂದೂ ನಾನು ಹೇಳಲಾರೆ. ಆದರೆ 1926ರಲ್ಲಿ ಅವರು ಆರಂಭಿಸಿದ 'ಶಿವಾನುಭವ' ಪತ್ರಿಕೆ ಮೂರು ದಶಕಗಳಿಗೂ ಹೆಚ್ಚು ಕಾಲ ಬಂದಿತೆಂಬುದನ್ನು ಗಮನಿಸಿರಿ. ಪತ್ರಿಕೆಯೆಂದ ಮೇಲೆ ಸಂಚಿಕೆಗೊಂದು ಗಡುವು ಇರುತ್ತದೆ, ಕಾಯುವ ಓದುಗರಿರುತ್ತಾರೆ. ಬಿಡುವಾದಾಗ ಮಾಡೋಣ ಎನ್ನುವ ಮಾತಿಗೆ ಅಲ್ಲಿ ಜಾಗವಿರುವುದಿಲ್ಲ.

ಉತ್ತರ 2: ರಕ್ತನಿಧಿಯ ತಂತ್ರಜ್ಞೆ, ಬೆಳಗಾವಿ

ಗುರುಗಳ ಮಾತನ್ನು ನನ್ನ ಕೆಲಸದ ಅನುಭವವೂ ಅನುಮೋದಿಸುತ್ತದೆ. ಪಾಠ ಹೇಳುವಷ್ಟು ಸಮಯವೂ ಇಲ್ಲದವರು ಈ ಚರ್ಚೆಯನ್ನು ಓದುತ್ತಿರಬಹುದು. ಅವರಿಗಾಗಿ ಇನ್ನೊಂದು ಬಗೆಯ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ರಕ್ತದಾನ ಶಿಬಿರವೆಂದರೆ ಬಹುಪಾಲು ಯಾವುದೋ ಜಯಂತಿ, ಇಲ್ಲವೇ ಯಾರದೋ ಹುಟ್ಟುಹಬ್ಬ. ಆ ಒಂದು ದಿನ ಸಾಲು ಬೀದಿಯವರೆಗೆ ಬರುತ್ತದೆ. ಆದರೆ ರಕ್ತದಿಂದ ಬೇರ್ಪಡಿಸಿದ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳನ್ನು ಐದು ದಿನಗಳಿಗಿಂತ ಹೆಚ್ಚು ಕಾಲ ಇಡಲಾಗುವುದಿಲ್ಲ. ಕೆಂಪು ರಕ್ತಕಣಗಳು ಸಂರಕ್ಷಕ ದ್ರಾವಣಕ್ಕೆ ತಕ್ಕಂತೆ 35ರಿಂದ 42 ದಿನ ಬಾಳುತ್ತವೆ. ಒಂದೇ ದಿನ ಬಂದ ಇನ್ನೂರು ಜನರ ರಕ್ತ ಎರಡು ತಿಂಗಳ ನಂತರ ಬರುವ ಬಾಣಂತಿಗೆ ಸಿಗುವುದಿಲ್ಲ. ತಲಸ್ಸೀಮಿಯಾ ಎಂಬ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ತೀವ್ರವಾಗಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಬೇಕೇ ಬೇಕು, ಅವರಿಗೆ ಜಯಂತಿಯ ದಿನ ಕಾಯಲು ಬರುವುದಿಲ್ಲ. ಮಳೆಗಾಲದ ಡೆಂಗ್ಯೂ ದಿನಗಳಲ್ಲಿ ಪ್ಲೇಟ್‌ಲೆಟ್‌ಗಾಗಿ ರಾತ್ರಿ ಹನ್ನೊಂದಕ್ಕೆ ನಮ್ಮ ಕಿಟಕಿಯ ಮುಂದೆ ನಿಂತು ಒಬ್ಬೊಬ್ಬರಿಗೇ ಫೋನ್ ಮಾಡುವ ಅಣ್ಣತಮ್ಮಂದಿರನ್ನು ನೋಡುವಾಗ, ಶಿಬಿರದ ದಿನದ ಆ ಸಾಲು ವರ್ಷದುದ್ದಕ್ಕೂ ಹರಡಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಿಯಮದಂತೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ವಯಸ್ಸು 18ರಿಂದ 65ರೊಳಗೆ, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು, ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿ.ಲೀ. ಅರ್ಜಿ, ತಪಾಸಣೆ, ದಾನ, ನಂತರದ ವಿಶ್ರಾಂತಿ ಎಲ್ಲ ಸೇರಿ ಸುಮಾರು ಒಂದು ತಾಸು ಸಾಕು. ವರ್ಷಕ್ಕೆ ಮೂರು ನಾಲ್ಕು ತಾಸು, ಅಷ್ಟೆ. ನಮ್ಮಲ್ಲಿ ತಪ್ಪದೆ ಬರುವ ಒಬ್ಬ ಆಟೋ ಚಾಲಕರು ಯುಗಾದಿ, ದೀಪಾವಳಿಗಳನ್ನು ಗುರುತಾಗಿ ಇಟ್ಟುಕೊಂಡಿದ್ದಾರೆ; ಹಬ್ಬ ಮುಗಿದ ಮೊದಲ ಸೋಮವಾರ ಬೆಳಿಗ್ಗೆ ಉಪಾಹಾರ ಮುಗಿಸಿಕೊಂಡು ಬರುತ್ತಾರೆ. ಅವರಿಗೆ ಯಾರೂ ನೆನಪಿಸಬೇಕಾಗಿಲ್ಲ.

ಉತ್ತರ 3: ಫೌಂಡ್ರಿ ಮೇಲ್ವಿಚಾರಕ, ಉದ್ಯಮಬಾಗ, ಬೆಳಗಾವಿ

ಟಿಳಕವಾಡಿಯ ಕಾಂಗ್ರೆಸ್ ಬಾವಿಯ ಮುಂದಿನಿಂದಲೇ ನಾನು ದಿನಾಲು ಕೆಲಸಕ್ಕೆ ಹೋಗುವವನು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನಕ್ಕೆ ನೀರು ಒದಗಿಸಲು ತೋಡಿದ ಬಾವಿ ಅದು. ಆ ಅಧಿವೇಶನದ ಒಂದು ನಿರ್ಣಯ ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು: ಕಾಂಗ್ರೆಸ್ಸಿನ ಸದಸ್ಯರಾಗುವವರು ಹಣದ ಬದಲು ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕೆಂದು ಅಲ್ಲಿ ಗೊತ್ತುಮಾಡಲಾಯಿತು. ದಿನಕ್ಕೆ ಅರ್ಧ ತಾಸು ನೂಲಬೇಕೆಂಬುದು ಗಾಂಧೀಜಿಯವರ ಒತ್ತಾಯವಾಗಿತ್ತು. ವಕೀಲರಿರಲಿ, ವ್ಯಾಪಾರಿಗಳಿರಲಿ, ದೇಶಸೇವೆಯೆಂದರೆ ಭಾಷಣ ಕೇಳುವುದಲ್ಲ, ಅಳೆದು ಒಪ್ಪಿಸಬಹುದಾದ ಕೈಕೆಲಸ ಎಂಬ ವಿಚಾರ ನನಗೆ ಬಹಳ ಹಿಡಿಸುತ್ತದೆ.

ಅದೇ ನಿಯಮ ವರ್ಷ ತುಂಬುವ ಮೊದಲೇ ಸಡಿಲವಾಯಿತೆಂಬುದನ್ನೂ ಹೇಳಬೇಕು. 1925ರ ಸೆಪ್ಟೆಂಬರ್‌ನಲ್ಲಿ ಪಾಟ್ನಾದಲ್ಲಿ, ಬೇಕಾದವರು ನೂಲು ಕೊಡಲಿ, ಉಳಿದವರು ನಾಲ್ಕಾಣೆ ಕೊಡಲಿ ಎಂದು ತೀರ್ಮಾನಿಸಿದರು. ಬೇರೆಯವರು ಹೊರಿಸಿದ ವ್ರತ ಬಾಳುವುದಿಲ್ಲ ಎಂದು ನಾನು ಅದರಿಂದ ತಿಳಿದುಕೊಂಡಿದ್ದೇನೆ. ಸರ್, ನಿಮ್ಮ ಸಂದರ್ಭದಲ್ಲಿ ಯಾರೂ ಹೊರಿಸಿಲ್ಲ, ನೀವೇ ಬಯಸಿದ್ದೀರಿ. ಕೊರತೆಯಿರುವುದು ಜೊತೆಗಾರರದ್ದು ಮಾತ್ರ ಎಂದು ನನ್ನ ಅಭಿಪ್ರಾಯ.

ನಮ್ಮದನ್ನು ಹೇಳುತ್ತೇನೆ. 2019ರ ಆಗಸ್ಟ್ ಪ್ರವಾಹದಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿದಾಗ ನಮ್ಮ ಕಾರ್ಖಾನೆಯಿಂದ ನಲವತ್ತು ಜನ ರೊಟ್ಟಿಯ ಗಂಟು, ಚಾದರ, ಔಷಧಿ ಹೊತ್ತುಕೊಂಡು ಹೋಗಿದ್ದೆವು. ಎಲ್ಲ ಕಡೆಯಿಂದ ಜನ ಬಂದಿದ್ದರು; ಒಂದೊಂದು ಊರಿಗೆ ಬೇಕಾದುದಕ್ಕಿಂತ ಹೆಚ್ಚು ಹಳೆಯ ಬಟ್ಟೆ ಬಂದು ಬಿದ್ದಿತ್ತು. ನೀರು ಇಳಿದು ತಿಂಗಳಾದ ಮೇಲೆ ಮತ್ತೆ ಹೋದಾಗ ಒಂದು ಶಾಲೆಯಲ್ಲಿ ಬೆಂಚುಗಳ ಕಾಲಿಗೆ ತುಕ್ಕು ಹಿಡಿದು ಹಲಗೆಗಳು ಉಬ್ಬಿ ಎದ್ದಿದ್ದವು, ಮಕ್ಕಳು ಒಣಗಿದ ರಾಡಿಯ ಮೇಲೆ ತಾಡಪತ್ರಿ ಹಾಸಿ ಕುಳಿತಿದ್ದರು. ಆಗ ಅಲ್ಲಿ ಸಹಾಯಕ್ಕೆ ಬಂದವರು ಯಾರೂ ಇರಲಿಲ್ಲ. ಆ ದಿನವೇ ನಾವು ನಾಲ್ವರು ವೆಲ್ಡಿಂಗ್ ಯಂತ್ರ ತೆಗೆದುಕೊಂಡು ಹೋಗಿ ಬೆಂಚುಗಳನ್ನು ಸರಿಮಾಡಲು ಆರಂಭಿಸಿದೆವು. ಅಲ್ಲಿಂದ ಇಲ್ಲಿಯವರೆಗೆ ತಿಂಗಳ ಮೊದಲನೆಯ ರವಿವಾರ ಯಾವುದಾದರೊಂದು ಶಾಲೆಯ ಬೆಂಚು, ಕಿಟಕಿ, ನಲ್ಲಿ, ಗೇಟುಗಳ ರಿಪೇರಿ ನಡೆದುಕೊಂಡು ಬಂದಿದೆ.

ಅದು ನಡೆಯುತ್ತಿರುವುದು ನಾವು ಬಹಳ ನಿಷ್ಠಾವಂತರೆಂದಲ್ಲ. ನಾಲ್ವರಲ್ಲಿ ಇಬ್ಬರು ಹೋದರೆ ಸಾಕೆಂಬ ಲೆಕ್ಕದಲ್ಲಿ ಪಾಳಿ ಹಾಕಿಕೊಂಡಿದ್ದೇವೆ. ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ದಿನಾಂಕ, ಊರು, ಮಾಡಿದ ಕೆಲಸ, ಬಾಕಿ ಉಳಿದದ್ದು ಎಂದು ನಾಲ್ಕು ಸಾಲು ಬರೆಯುತ್ತೇವೆ. ಯಾರು ಹೋಗಿಲ್ಲವೆಂದು ಬರೆಯುವ ರೂಢಿಯಿಲ್ಲ. ನನ್ನ ಮಗಳು ಕಾಯಿಲೆ ಬಿದ್ದಾಗ ಐದು ತಿಂಗಳು ನಾನು ಹೋಗಲೇ ಇಲ್ಲ. ಮರಳಿ ಹೋದ ದಿನ ಹಳೆಯ ಪುಟವನ್ನು ತೆರೆದು, ಬಾಕಿ ಉಳಿದಿದ್ದ ಒಂದು ಗೇಟಿನ ಬಿಜಾಗರಿಯಿಂದ ಕೆಲಸ ಹಿಡಿದೆ. ನೀವೂ ನಿಮ್ಮ ಬ್ಯಾಂಕಿನಲ್ಲೋ ಓಣಿಯಲ್ಲೋ ಒಬ್ಬರನ್ನಾದರೂ ಜೊತೆಗೆ ಕಟ್ಟಿಕೊಳ್ಳಿರಿ, ಯಾವ ಮಗು ಯಾವ ಲೆಕ್ಕದವರೆಗೆ ಬಂದಿದೆಯೆಂದು ಬರೆದಿಡಿರಿ. ನೀವು ಹೋಗದ ದಿನವೂ ಆ ಹುಡುಗಿಯ ಮೂರಂಕಿಯ ಲೆಕ್ಕ ಮುಂದುವರಿಯುತ್ತದೆ.

ಉತ್ತರ 4: ನೇಕಾರ ಮನೆಯವಳು, ಬನಹಟ್ಟಿ, ಬಾಗಲಕೋಟೆ ಜಿಲ್ಲೆ

ಅಣ್ಣಾವರೇ, ಎಲ್ಲರೂ ಒಳ್ಳೆಯ ಮಾತುಗಳನ್ನೇ ಬರೆದಿದ್ದಾರೆ. ನನ್ನದೊಂದು ಪ್ರಶ್ನೆಯಿದೆ, ತಪ್ಪು ತಿಳಿಯಬೇಡಿರಿ. ನೀವು ಶಾಲೆಗೆ ಹೋದ ಆ ಎರಡು ತಾಸುಗಳಲ್ಲಿ ನಿಮ್ಮ ತಾಯಿಯವರನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವವರು ಯಾರು? ಮಕ್ಕಳ ಪಾಠ, ಕಿರಾಣಿ, ಗ್ಯಾಸಿನ ಸಿಲಿಂಡರ್ ಯಾರ ಪಾಲಿಗೆ ಬರುತ್ತವೆ? ನಿಮ್ಮ ಪತ್ನಿಯವರು ಹೊಲಿಗೆ ಮಾಡುತ್ತಾರೆಂದು ಬರೆದಿದ್ದೀರಿ; ಅವರಿಗೂ ಗಿರಾಕಿಗಳ ಗಡುವು ಇರುತ್ತದೆ.

ನಮ್ಮ ಮನೆಯಲ್ಲಿ ಮಗ್ಗ ನಡೆಯುತ್ತದೆ. ಮನೆಯವರು ಊರಿನ ಎಲ್ಲ ಕೆಲಸಗಳಿಗೆ ಮುಂದಾಗುವವರು, ಅದರ ಬಗ್ಗೆ ನನಗೆ ಹೆಮ್ಮೆಯೂ ಇದೆ. ಆದರೆ ಅವರು ಹೊರಗೆ ಹೋದ ದಿನ ಕಂಡಿಕೆಗೆ ನೂಲು ಸುತ್ತುವುದು, ಹರಿದ ಎಳೆ ಜೋಡಿಸುವುದು, ಅಡುಗೆ ಎಲ್ಲವೂ ನನ್ನ ಮೇಲೆ ಬೀಳುತ್ತಿತ್ತು. ಅವರ ಸೇವೆಯ ಅರ್ಧ ಭಾಗವನ್ನು ನಾನು ಮಾಡುತ್ತಿದ್ದೆ, ಅದು ಯಾರ ಲೆಕ್ಕದಲ್ಲೂ ಇರಲಿಲ್ಲ. ಒಂದು ದಿನ ಇದನ್ನು ಬಾಯಿಬಿಟ್ಟು ಹೇಳಿದೆ. ಈಗ ಅವರು ಹೊರಗಿನ ಕೆಲಸಕ್ಕೆ ಹೋದ ವಾರ, ಬುಧವಾರ ಮಧ್ಯಾಹ್ನದ ಮಗ್ಗವನ್ನು ಪೂರ್ತಿ ತಾವೇ ನೋಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನಾನು ಓಣಿಯ ಮೂವರು ಮುದುಕಿಯರ ಪಿಂಚಣಿ ಕಾಗದ, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಓದಿ ಹೇಳಿ, ಬೇಕಾದರೆ ಅವರ ಜೊತೆ ಹೋಗಿ ಬರುತ್ತೇನೆ. ಎಂಟನೆಯ ತರಗತಿ ಓದಿದ ನನ್ನಿಂದಲೂ ಇಷ್ಟು ಆಗುತ್ತದೆಂದು ಅದಕ್ಕೆ ಮೊದಲು ನನಗೇ ಗೊತ್ತಿರಲಿಲ್ಲ.

ಮನೆಯಲ್ಲಿ ಮೊದಲು ಕೂಡಿ ಕುಳಿತು ಮಾತನಾಡಿರಿ. ಮೂರು ಸಲ ಆರಂಭಿಸುವಾಗ ನೀವು ನಿಮ್ಮವರನ್ನು ಕೇಳಿದ್ದಿರೋ, ಬರೇ ತಿಳಿಸಿದ್ದಿರೋ ಎಂಬುದನ್ನು ನೀವೇ ನೆನಪಿಸಿಕೊಳ್ಳಿರಿ.

ಪ್ರಶ್ನೆ ಕೇಳಿದವರ ಮರುಬರಹ: ವಿಜಯಪುರದ ಬ್ಯಾಂಕ್ ನೌಕರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬನಹಟ್ಟಿಯ ತಾಯಿ, ನೀವು ಕೇಳಿದ್ದು ಸರಿಯಾಗಿದೆ. ನಾನು ಮೂರು ಸಲವೂ ತಿಳಿಸಿದ್ದೆ, ಕೇಳಿರಲಿಲ್ಲ. ನಿನ್ನೆ ರಾತ್ರಿ ಊಟವಾದ ಮೇಲೆ ನಿಮ್ಮ ಬರಹವನ್ನೇ ಪತ್ನಿಗೆ ಓದಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶನಿವಾರ ನೀವು ಸಾಲಿಗೆ ಹೋಗ್ರಿ. ಆ ವಾರದ ರವಿವಾರ ಮುಂಜಾನಿ ಅತ್ತಿಯವರ ಸ್ನಾನ, ಔಷಧ, ನಾಷ್ಟಾ ನಿಮ್ಮ ಕಡೆ ಇರಲಿ, ನಾ ಅರಿವಿ ಕತ್ತರಿಸೂದು ಮುಗಿಸ್ಕೋತೀನಿ" ಎಂದಳು. ಇಷ್ಟು ಸರಳವಾದ ಒಪ್ಪಂದಕ್ಕೆ ಮೂರು ವರ್ಷ ಬೇಕಾಯಿತೆಂದು ನನಗೆ ಖೇದವೆನಿಸಿತು.

ಇಂದು ಬೆಳಿಗ್ಗೆ ಶಾಲೆಗೆ ಹೋಗಿ ಮುಖ್ಯಶಿಕ್ಷಕರನ್ನು ಭೇಟಿಯಾದೆ. ಹಳೆಯ ಅನುಭವದಿಂದ ಅವರಿಗೆ ನನ್ನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ, ಬರಬೇಕೆಂದು ನಾನು ನಿರೀಕ್ಷಿಸಲೂ ಇಲ್ಲ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಎಂಟೂವರೆಯಿಂದ ಹತ್ತೂವರೆ, ಮಾರ್ಚ್ ತಿಂಗಳು ಇಲ್ಲ ಎಂದು ಕಾಗದದ ಮೇಲೆ ಬರೆದುಕೊಟ್ಟೆ. ನಮ್ಮ ಶಾಖೆಯ ನಗದು ಕೌಂಟರಿನಲ್ಲಿರುವ ಕಿರಿಯ ಸಹೋದ್ಯೋಗಿಯೊಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ. ನನಗೆ ಆಗದ ದಿನ ಅವರು, ಅವರಿಗೆ ಆಗದ ದಿನ ನಾನು. ನೋಟುಬುಕ್ಕನ್ನೂ ಕೊಂಡಿದ್ದೇನೆ. ರಕ್ತನಿಧಿಯ ತಂಗಿ, ದೀಪಾವಳಿಯ ನಂತರದ ಸೋಮವಾರವನ್ನು ನನ್ನ ಕ್ಯಾಲೆಂಡರಿನಲ್ಲೂ ಗುರುತು ಮಾಡಿದ್ದೇನೆ.

ಆ ಹುಡುಗಿ ಈಗ ಐದನೆಯ ತರಗತಿಯಲ್ಲಿದ್ದಾಳೆ. ನಾನು ಹೊರಡುವಾಗ ಅವಳು ವರಾಂಡದಲ್ಲಿ ನಿಂತಿದ್ದಳು, ಮಾತನಾಡಿಸಲಿಲ್ಲ. ಮೂರಂಕಿಯ ಲೆಕ್ಕಕ್ಕೆ ಹತ್ತರ ಕಟ್ಟುಗಳು ಸಾಲುವುದಿಲ್ಲ, ನೂರರ ಕಟ್ಟುಗಳು ಬೇಕು. ಸಂಜೆಯಿಂದ ನನ್ನ ಇಬ್ಬರು ಮಕ್ಕಳೂ ನಾನೂ ಕುಳಿತು ಕಡ್ಡಿಗಳನ್ನು ಕತ್ತರಿಸಿ ಕಟ್ಟುತ್ತಿದ್ದೇವೆ; ನಾಲ್ಕು ಕಟ್ಟುಗಳಾಗಿವೆ, ಶನಿವಾರದೊಳಗೆ ಇನ್ನೂ ಐದು ಆಗಬೇಕು.